ಅಡುಗೆಮನೆಯಲ್ಲಿ ಎಪ್ಪತ್ತು ಸೆಂಟ್ ಮಳೆ

ಜನವರಿ ಹನ್ನೊಂದರಂದು ಹುದಿಕೇರಿಯಲ್ಲಿ ಎಪ್ಪತ್ತು ಸೆಂಟ್ ಮಳೆಯಾಯಿತು. ಅಷ್ಟೂ ಬಿದ್ದದ್ದು ವೀಣಾ ಅವರ ಅಡುಗೆಮನೆಯಲ್ಲಿ. ನೂರು ಸೆಂಟಿಗೆ ಒಂದು ಇಂಚು ಎಂಬುದು ಕೊಡಗಿನಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತು.

ಕಾಫಿ ಮೇಕರ್ ಸೋರುತ್ತಿತ್ತು. ವೀಣಾ ಬರೀ ನೀರು ಹಾಕಿ ಓಡಿಸಿ ನೋಡಿದರು. ಟ್ಯಾಂಕಿನ ತಳ ಒಣಗಿತ್ತು. ಪುಡಿ ಹಾಕುವ ಬುಟ್ಟಿಯ ಕೆಳಗಿನ ರಬ್ಬರ್ ರಿಂಗ್ ಸೀಳಿಹೋಗಿ, ಮಾಡಿದ ಕಾಫಿಯೆಲ್ಲ ಕೆಳಗೆ ಸೋರುತ್ತಿತ್ತು. ಪೊನ್ನಂಪೇಟೆಯಿಂದ ಹೊಸ ರಿಂಗ್ ತರುವವರೆಗೆ ಇರಲಿ ಎಂದು ಗಂಡ ಧರ್ಮೇಶ್ ಯಂತ್ರದ ಕೆಳಗೆ ಒಂದು ಜಾಡಿ ಇಟ್ಟರು. ಅವರು ಮಳೆ ಲೆಕ್ಕದ ಕಚೇರಿಯ ಗುಮಾಸ್ತರು. ಜಾಡಿಯೂ ಕಚೇರಿಯದೇ, ಮಳೆ ಅಳೆಯುವುದು. ಬೆಳಿಗ್ಗೆ ಎಂಟೂವರೆಗೆ ಜಾಡಿಯಲ್ಲಿದ್ದದ್ದನ್ನು ರಿಜಿಸ್ಟರಿನಲ್ಲಿ ಬರೆಯುವುದು ಅವರ ಹದಿನಾಲ್ಕು ವರ್ಷಗಳ ಅಭ್ಯಾಸ. ಬರೆದರು.

ಒಂಬತ್ತಕ್ಕೆ ಪ್ರಕಟಣೆ ಬಂತು: ‘ಅಕಾಲಿಕ ಮಳೆಯ ಕಾರಣ ಶಾಲೆಗಳಿಗೆ ರಜೆ. ಮಕ್ಕಳು ತುಂಬಿದ ತೊರೆಗಳ ಬಳಿ ಹೋಗತಕ್ಕದ್ದಲ್ಲ. ತೊರೆ ತುಂಬಿರದಿದ್ದಲ್ಲಿ ತುಂಬಿದೆಯೆಂದೇ ಭಾವಿಸತಕ್ಕದ್ದು.’

ಮಳೆ ಬಂದರೆ ಸಿಬ್ಬಂದಿಗೆ ಕೊಡೆ ಕೊಡಬೇಕೆಂಬ ನಿಯಮವಿದೆ. ಮೇಲಧಿಕಾರಿ ಸಣ್ಣಸ್ವಾಮಿಯವರು ಮೂರು ತೆಗೆದುಕೊಂಡು, ಒಂದನ್ನು ಹಿಡಿದು ತಪಾಸಣೆಗೆ ಬಂದರು.

“ಇದು ಮಳೆಯಲ್ಲ ಸಾರ್, ಕಾಫಿ,” ಎಂದರು ವೀಣಾ. “ರಿಂಗ್ ತಂದಾಗಿದೆ. ಎರಡು ನಿಮಿಷದ ಕೆಲಸ. ನಾನು ಕಾಫಿ ಕುಡಿದು ನಾಲ್ಕು ದಿನ ಆಯ್ತು, ತಲೆ ಸಿಡೀತಿದೆ.”

“ಅಳೆದಿದ್ದು ಯಾವುದರಲ್ಲಮ್ಮ?”

“ಮಳೆ ಜಾಡಿಯಲ್ಲಿ.”

“ಹಾಗಾದರೆ ಮಳೆ.”

“ರೀ, ನೀವಾದ್ರೂ ಹೇಳಿ.”

ಧರ್ಮೇಶ್ ರಿಜಿಸ್ಟರ್ ನೋಡಿದರು. “ಇಂಕಲ್ಲಿ ಬರೆದುಬಿಟ್ಟಿದ್ದೀನಿ ಕಣೇ,” ಎಂದರು.

ಸಂಜೆಯೊಳಗೆ ಆದೇಶ ಹೊರಬಿತ್ತು. ಮಳೆಯನ್ನು ರಿಪೇರಿ ಮಾಡುವ ಅಧಿಕಾರ ಯಾರಿಗೂ ಇರುವುದಿಲ್ಲ. ಯಂತ್ರವನ್ನು ಎಂದಿನಂತೆ ಪುಡಿ ಹಾಕಿ ಓಡಿಸತಕ್ಕದ್ದು. ಹೊಸ ರಿಂಗನ್ನು ಲಕೋಟೆಯಲ್ಲಿ ಹಾಕಿ ಅರಗಿನ ಮುದ್ರೆ ಒತ್ತಲಾಯಿತು. ವೀಣಾ ಆ ಲಕೋಟೆಯನ್ನು ನೋಡುತ್ತ ನಿಂತರು. ಅವರಿಗೆ ನಿಜಕ್ಕೂ ಅಳು ಬಂತು.

ಆಮೇಲೆ ಕಣ್ಣೊರೆಸಿಕೊಂಡು ಕೇಳಿದರು: “ಅಳೆದಾದ ಮೇಲೆ ಮಳೆನ ಏನ್ ಮಾಡ್ತೀರಿ ಸಾರ್?”

ಸಣ್ಣಸ್ವಾಮಿ ನಿಯಮ ಪುಸ್ತಕ ತಿರುವಿದರು. “ಚೆಲ್ಲಬೇಕು ಅಂತಿದೆ. ಎಲ್ಲಿಗೆ ಅಂತ ಇಲ್ಲ.”

ಈಗ ದಿನವೂ ಎಂಟೂವರೆಗೆ ಅಳತೆ ಮುಗಿದ ಕೂಡಲೇ ವೀಣಾ ಮಳೆಯನ್ನು ಲೋಟಗಳಿಗೆ ಚೆಲ್ಲುತ್ತಾರೆ. ಮೊದಲ ಲೋಟ ಅವರದೇ. ಇಡೀ ಕಚೇರಿ ಬರುತ್ತದೆ.

“ಇವತ್ತೆಷ್ಟು?” ಎಂದರು ಸಣ್ಣಸ್ವಾಮಿ, ನಿನ್ನೆ.

“ಎಂಬತ್ತೈದು ಸೆಂಟ್. ಬೆಲ್ಲ ಹಾಕ್ಲಾ?”

“ಹಾಕಮ್ಮ. ಮಳೆ ಸ್ವಲ್ಪ ಸ್ಟ್ರಾಂಗಾಗಿದೆ.”

ಕುಡಿದಾದ ಮೇಲೆ ಎಲ್ಲರೂ ಜಗಲಿಯಲ್ಲಿಟ್ಟಿದ್ದ ಕೊಡೆ ಬಿಚ್ಚಿಕೊಂಡು, ಸುಡುಬಿಸಿಲಿನಲ್ಲಿ ಕಚೇರಿಗೆ ಹೋದರು.