ಹೀರೇ ಹಂದರದ ನಡುಗಂಬ

ಮನ್ಮಥಪ್ಪನ ಮುತ್ತಜ್ಜ ರಾಚಪ್ಪ ಒಮ್ಮೆ ತುಂಬಿ ಹರಿಯುವ ಮಂಜೀರಾ ಹೊಳೆಯಲ್ಲಿ ದೋಣಿಯಿಂದ ಜಾರಿ ಬಿದ್ದ. ಅಂಬಿಗ ಕೈ ಚಾಚಿದರೆ "ನಿನ್ನ ಕೈ ನೀ ಇಟ್ಕೋ" ಅಂದು ತಾನೇ ಈಜಿ ದಡ ಹತ್ತಿದ. ಹತ್ತಿದ್ದು ಬೇರೆ ದಡ ಅನ್ನುವುದು ಪಂಚೆ ಹಿಂಡಿಕೊಳ್ಳುವಾಗ ತಿಳಿಯಿತು. ತಿರುಗಿ ದೋಣಿ ಕೇಳುವುದು ಮರ್ಯಾದೆಗೆ ಕಡಿಮೆಯೆಂದು ಅಲ್ಲೇ ಉಳಿದುಬಿಟ್ಟ. ಆ ಮನೆತನದ ಹೊಲಮನೆಗಳೆಲ್ಲ ಇವತ್ತು ಝರಾಸಂಗಂ ಕಡೆ ಇರುವುದಕ್ಕೆ ಅದೇ ಕಾರಣ!

ಅಜ್ಜ ಚನ್ನಮಲ್ಲಪ್ಪ ಇನ್ನೂ ಒಂದು ಕೈ ಮೇಲು. ಎತ್ತೊಂದು ಕುಂಟಿದಾಗ ನೆರೆಯವರು ತಮ್ಮ ಎತ್ತನ್ನು ಹೊಡೆದುಕೊಂಡು ಬಂದರು. ಅದನ್ನು ಹಾಗೆಯೇ ತಿರುಗಿಸಿ ಕಳಿಸಿ, ನೊಗದ ಆ ಕಡೆಗೆ ತಾನೇ ಹೆಗಲು ಕೊಟ್ಟು ಮೂರು ದಿನ ಕುಂಟೆ ಎಳೆದ. ಜೊತೆಗಿದ್ದ ಎತ್ತು ಮುಂದೆ ಬಹಳ ದಿನ ಬೇರೆ ಎತ್ತಿನ ಸಂಗಡ ಹೆಜ್ಜೆ ಹಾಕಲು ಒಪ್ಪಲಿಲ್ಲವಂತೆ. ಅಪ್ಪ ಸಂಗಪ್ಪನಿಗೆ ಜಾಗೀರದಾರರು ರುಮಾಲು ಕೊಟ್ಟು, ಅದನ್ನು ತಲೆಗೆ ಸುತ್ತಿಕೊಡಲು ಒಬ್ಬ ಆಳನ್ನೂ ಕೊಟ್ಟರು. "ನನ್ನ ತಲಿ ನನಗ ಗೊತ್ತದ" ಅಂದವನೇ ತಾನೇ ಸುತ್ತಿಕೊಂಡ. ರುಮಾಲು ಕಣ್ಣಿನ ಮೇಲೆ ಇಳಿದಿತ್ತು. ಆದ್ದರಿಂದ ಜಾಗೀರದಾರರ ಬದಲು ಅವರ ಕುದುರೆಗೆ ಮೂರು ಸಲ ಸಲಾಮು ಹೊಡೆದು ಬಂದ.

ಇಂಥ ಮೂರು ತಲೆಮಾರಿನ ರಕ್ತ ಒಂದೇ ಮೈಯಲ್ಲಿ ಓಡಾಡುವಾಗ ಮನುಷ್ಯ ಸುಮ್ಮನೆ ಕೂಡಬಲ್ಲನೇ? ಮನ್ಮಥಪ್ಪ ಕೂಡುತ್ತಿರಲಿಲ್ಲ. ಅರ್ಧ ರೊಟ್ಟಿ ಒಲೆಯ ಮುಂದೆ ಉಂಡರೆ ಉಳಿದರ್ಧ ಅಂಗಳದಲ್ಲಿ. ಅವನ ಕ್ಷೌರದವನು ಹಿಂದೆ ಹಿಂದೆ ನಡೆಯುತ್ತಲೇ ಗಡ್ಡ ಹೆರೆಯುವ ವಿದ್ಯೆಯನ್ನು ಕಲಿತುಕೊಂಡಿದ್ದ. ನಿಂತಲ್ಲಿ ನಿಲ್ಲದ ಈ ಮನುಷ್ಯನ ಪಾಲಿಗೆ ಬಂದ ಮಾನವಾದರೂ ಎಂಥದು? ಒಂದು ಕಂಬದ ಮಾನ!

ಊರ ಬಾವಿಯ ಮಗ್ಗುಲಲ್ಲಿ ಓಣಿಯ ಹದಿನಾಲ್ಕು ಮನೆಗಳು ಕೂಡಿ ಮಾಡುವ ತೋಟವೊಂದಿತ್ತು. ಸುತ್ತ ಮನೆಗೊಂದು ಮಡಿ; ಅವರವರ ಮೆಣಸಿನಕಾಯಿ, ಬದನೆ, ಪುಂಡಿ ಪಲ್ಯ ಅವರವರದು. ನಟ್ಟನಡುವೆ ಎಲ್ಲರಿಗೂ ಸೇರಿದ ಹೀರೇ ಹಂದರ. ಅವು ಲೆವಿಯ ವರ್ಷಗಳು. ನಿಜಾಮ ಸರಕಾರದ ಮಂದಿ ಕಣಕ್ಕೇ ಬಂದು ಜೋಳ ಅಳೆದುಕೊಂಡು ಹೋಗುತ್ತಿದ್ದರು, ಹೀರೇಕಾಯಿಯ ತಂಟೆಗೆ ಮಾತ್ರ ಬರುತ್ತಿರಲಿಲ್ಲ. ಹಾಗಾಗಿ ಓಣಿಯವರು ಆ ಹಂದರವನ್ನು ಹಸುಗೂಸಿನ ಹಾಗೆ ಸಾಕಿದ್ದರು.

ಹಂದರಕ್ಕೆ ಮನೆಗೊಂದು ಕವಲುಗಂಬ ಕೊಡಬೇಕು. ಹದಿಮೂರು ಸುತ್ತಲೂ, ಒಂದು ನಡುವೆ. ಅಡ್ಡತೊಲೆಗಳೆಲ್ಲ ಬಂದು ಕೂಡುವುದು ಆ ನಡುಗಂಬದ ಕವಲಿನಲ್ಲಿ. ಅದು ಯಾರ ಹೊಲದ ಗಿಡವೋ ಅವರ ಹೆಸರಿನಲ್ಲಿ ಶ್ರಾವಣದ ಮೊದಲ ಸೋಮವಾರ ಮೊದಲ ಬುಟ್ಟಿ ಹೀರೇಕಾಯಿ ಝರಾಸಂಗಮದ ಸಂಗಮೇಶ್ವರನಿಗೆ ಹೋಗುತ್ತದೆ. ಬುಟ್ಟಿಯ ಮುಂದೆ ಆ ಮನೆಯ ಯಜಮಾನ, ಹಿಂದೆ ಇಡೀ ಓಣಿ. ನಡುಗಂಬ ಬಿದ್ದರೆ ಆ ಜಾಗದಲ್ಲಿ ಯಾರ ಕಂಬ ನಿಲ್ಲುತ್ತದೋ ಮಾನ ಅವರಿಗೆ ಹೋಯಿತು. ಈ ರಿವಾಜನ್ನು ಕಾಯುವವಳು ಜನಾಬಾಯಿ. ಎಂಬತ್ತರ ಮುದುಕಿ, ಪ್ರತಿ ವರ್ಷ ಹಂದರಕ್ಕೆ ಬೀಜ ಹಾಕುವುದು ಅವಳದೇ ಕೈ.

ಚನ್ನಮಲ್ಲಪ್ಪ ತನ್ನ ಹೊಲದ ಬೇವು ಕಡಿದು, ಒಬ್ಬನೇ ಹೊತ್ತು ತಂದು ಹುಗಿದ ನಡುಗಂಬ ಮೊಮ್ಮಗನ ಕಾಲದವರೆಗೂ ನಿಂತಿತ್ತು. ಆದರೆ ಆ ವರ್ಷ ಶಂಕ್ರೆಪ್ಪ ಒಂದು ಮಾತು ಆಡಿಬಿಟ್ಟ. ಶಂಕ್ರೆಪ್ಪ ಪಕ್ಕದ ಮಡಿಯವನು, ನಡುಗಂಬದ ಮೇಲೆ ಹತ್ತು ವರ್ಷದಿಂದ ಕಣ್ಣಿಟ್ಟವನು.

"ಮನ್ಮಥಪ್ಪಣ್ಣ, ನಿಮ್ಮಜ್ಜನ ಕಂಬ ನಮ್ಮ ಮಡಿ ಕಡಿ ಬಾಗಿ ಏನೋ ಕೇಳ್ಲತ್ತದ ನೋಡ್ರಿ."

ಅಷ್ಟು ಸಾಕಾಯಿತು. ಮನ್ಮಥಪ್ಪನ ಅಂಗಾಲಿಗೆ ಕೆಂಡ ತಾಗಿದಂತಾಯಿತು. ಹೊಲಕ್ಕೆ ಹೋಗಿ ಅಜ್ಜನ ಬೇವಿನ ಬೇರಿನಿಂದಲೇ ಎದ್ದ ಮರಿಬೇವನ್ನು ಕಡಿದ, ಗಾಡಿಗೆ ಹಾಕಿಕೊಂಡು ತಾಂಡೂರಿನವರೆಗೂ ಹೋದ. ಅಲ್ಲಿಯ ಬಡಿಗೇರನ ಕೈಯಲ್ಲಿ ಅದಕ್ಕೆ ಬಳ್ಳಿ ಕೆತ್ತಿಸಿದ, ಗಿಳಿ ಕೆತ್ತಿಸಿದ, ತುದಿಗೊಂದು ಕಮಲದ ಮೊಗ್ಗು ಕೂರಿಸಿದ, ಎಣ್ಣೆ ತಿಕ್ಕಿಸಿದ. ಮನೆಗೆ ತಂದು ಜಗುಲಿಗೆ ಒರಗಿಸಿದಾಗ ಹೆಂಡತಿ ಸುಗಲಾಬಾಯಿ ಅದನ್ನು ಬುಡದಿಂದ ತುದಿಯವರೆಗೆ ನೋಡಿದಳು.

"ಗಿಳಿ ಛಂದ ಅದಾವ. ಕವಲು ಎಲ್ಲಿ?"

"ಕವಲು ಹಳ್ಳಿ ಮಂದಿಗಿ. ಇದು ಮಹಾಲಿನ ಕಂಬ."

"ಮಹಾಲಿನ್ಯಾಗ ಹೀರೇಬಳ್ಳಿ ಹಬ್ಬಸ್ತಾರೇನ್ರಿ?"

ಮನ್ಮಥಪ್ಪ ಜಗುಲಿ ಇಳಿದು ನಡೆಯತೊಡಗಿದ. ಅವಳು ಬಿಡಲಿಲ್ಲ. ನಾಲ್ಕು ಮಂದಿ ಹಿಡಿಯುವ ಕೆಲಸ ಇದು, ಕಂಗ್ಟಿಯಿಂದ ತನ್ನ ತಮ್ಮ ವೀರಪ್ಪನನ್ನಾದರೂ ಕರೆಸಿಕೊಳ್ಳಿ ಅಂದಳು. ಮನ್ಮಥಪ್ಪನಿಗೆ ನಗು ಬಂತು. ವೀರಪ್ಪ! ಮಾತು ಮೆತ್ತಗೆ, ನಡೆ ಮೆತ್ತಗೆ, ಊಟಕ್ಕೆ ಕೂತರೆ ಏಳುವುದಕ್ಕೆ ಒಂದು ತಾಸು.

"ನಿನ್ನ ತಮ್ಮಗ ಒಂದು ಗೂಟ ನೆಟ್ಟಗ ಹುಗಿಯಾಕ ಬರ್ತದೇನು?"

"ಹೋದ ವರ್ಷ ನೀವು ಊರೂರು ತಿರುಗ್ತಿದ್ದಾಗ ನಮ್ಮ ಕೊಟಗಿ ಕಟ್ಟಿಕೊಟ್ಟು ಹೋಗ್ಯಾನ. ಇನ್ನೂ ಬಿದ್ದಿಲ್ಲ."

ಮನ್ಮಥಪ್ಪ ಅಷ್ಟರಲ್ಲಿ ಅಂಗಳ ದಾಟಿದ್ದ.

ಭಾನುವಾರ ಬೆಳಿಗ್ಗೆ, ಓಣಿಯೆಲ್ಲ ಕಳೆ ತೆಗೆಯಲು ಹೊಲಕ್ಕೆ ಹೋದ ಹೊತ್ತು ನೋಡಿ, ಮಹಾಲಿನ ಕಂಬ ಹೊತ್ತುಕೊಂಡು ತೋಟಕ್ಕೆ ಬಂದ. ಮರುದಿನವೇ ಶ್ರಾವಣದ ಮೊದಲ ಸೋಮವಾರ. ಬುಟ್ಟಿ ಹೊರಡುವಾಗ ಮಂದಿ ಹೊಸ ಕಂಬ ನೋಡಿ ಬಾಯಿ ತೆರೆದು ನಿಲ್ಲಬೇಕು! ಹಂದರ ಜಗ್ಗುತ್ತಿತ್ತು, ಕಾಯಿಯ ಹಿಂದೆ ಕಾಯಿ, ರಾತ್ರಿಯ ಮಳೆಗೆ ಎಲೆಗಳೆಲ್ಲ ನೀರು ಕುಡಿದು ಭಾರವಾಗಿದ್ದವು. ಉಪಾಯ ಸರಳವಾಗಿತ್ತು. ಅಜ್ಜನ ಕಂಬವನ್ನು ಮೆಲ್ಲಗೆ ಅಲ್ಲಾಡಿಸಿ ಕೀಳುವುದು, ಕಣ್ಣು ಮಿಟುಕಿಸುವುದರೊಳಗೆ ಹೊಸದನ್ನು ಇಳಿಸುವುದು.

ಮೆಲ್ಲಗೆ ಅಲ್ಲಾಡಿಸಿದ. ಕಂಬ ಹಪ್ಪಳದ ಹಾಗೆ ಮುರಿಯಿತು.

ಬೇವಿಗೆ ಗೆದ್ದಲು ಹತ್ತುವುದಿಲ್ಲ ಎಂದು ಮೂರು ತಲೆಮಾರು ಹೇಳಿಕೊಂಡು ಬಂದಿದ್ದರು. ಗೆದ್ದಲಿಗೆ ಅದನ್ನು ಯಾರೂ ತಿಳಿಸಿರಲಿಲ್ಲ. ಕಂಬದೊಳಗೆ ಒಂದು ಊರೇ ಕಟ್ಟಿಕೊಂಡು ಸುಖವಾಗಿದ್ದವು. ಹಂದರ 'ಕರ್' ಎಂದು ಕೆಳಗೆ ಇಳಿಯತೊಡಗಿತು. ಅದು ನೆಲಕ್ಕೆ ಬಿದ್ದರೆ ಬಳ್ಳಿ ಹರಿಯುತ್ತದೆ, ಹದಿನಾಲ್ಕು ಮನೆಯ ಪಲ್ಯ ಹೋಗುತ್ತದೆ, ಅಜ್ಜನ ಹೆಸರೂ ಅದರ ಜೊತೆಗೇ ಹೋಗುತ್ತದೆ. ಮನ್ಮಥಪ್ಪ ಒಳಗೆ ನುಗ್ಗಿ ಹೆಗಲು ಕೊಟ್ಟ. ಹಂದರ ನಿಂತಿತು.

ಮಹಾಲಿನ ಕಂಬವನ್ನು ಕಾಲಿನ ಹೆಬ್ಬೆರಳಿನಿಂದ ಎಳೆದುಕೊಂಡು ಎತ್ತಿ ನಿಲ್ಲಿಸಿದ. ತೊಲೆ ಕಮಲದ ಮೊಗ್ಗಿನ ಮೇಲೆ ಕೂತು ಜಾರಿತು. ಇನ್ನೊಮ್ಮೆ ಕೂರಿಸಿದ, ಇನ್ನೊಮ್ಮೆ ಜಾರಿತು. ಎಣ್ಣೆ ಅಷ್ಟು ಚೆನ್ನಾಗಿ ತಿಕ್ಕಿದ್ದರು! ಮೂರನೆಯ ಸಲ ಕಂಬ ಕೈತಪ್ಪಿ ಉರುಳಿ, ನೀರಿನ ಕಾಲುವೆಗೆ ಹೋಗಿ ಬಿತ್ತು. ಗಿಳಿಗಳು ಮೇಲ್ಮುಖವಾಗಿ ತೇಲಿದವು.

ಹೀಗೆ ಜನ್ಮದಲ್ಲಿ ಒಂದೆಡೆ ನಿಲ್ಲದ ಮನುಷ್ಯ ನಿಂತ. ಮೊದಲು ಎಡ ಹೆಗಲು, ಆಮೇಲೆ ಬಲ ಹೆಗಲು, ಆಮೇಲೆ ತಲೆ. ಮನೆ ಕಳೆದುಕೊಂಡ ಗೆದ್ದಲುಗಳು ಹೊಸ ಕಂಬ ನೋಡಲು ಕಾಲಿನಿಂದ ಹತ್ತಿ ಬಂದವು. ಮೂಗಿನ ತುದಿಗೆ ಒಂದು ಹೀರೇಕಾಯಿ ಜೋತುಬಿದ್ದು, ಉಸಿರಾಡಿದಾಗೊಮ್ಮೆ ತೂಗಾಡಿ ಬಂದು ಮೂಗಿಗೇ ಬಡಿಯುತ್ತಿತ್ತು. ಬೆನ್ನಿನ ನಡುವೆ ಎಲ್ಲೋ ತುರಿಕೆ. ಕೈ ಬಿಟ್ಟರೆ ಹಂದರ ಇಳಿಯುತ್ತದೆ. ಕಾಲು ಕುಣಿಸಿದರೆ ಹಂದರವೂ ಕುಣಿಯುತ್ತದೆ. ಬಾವಿಗಟ್ಟೆಯವರೆಗೆ ಒಂದು ಸಲ, ಬರೀ ಒಂದು ಸಲ ಹೋಗಿ ಬರಬೇಕು ಎಂದು ಕಾಲುಗಳು ಹಟ ಹಿಡಿದವು.

ಆಡು ಕಾಯುವ ಪೀರಪ್ಪ ಅವುಗಳಿಗೆ ನೀರು ಕುಡಿಸಲು ಬಂದ. ಅವನಿಗೆ ಕಣ್ಣು ಮಂದ. ತುಂಟ ಆಡೊಂದನ್ನು ತಂದು ನಡುಗಂಬಕ್ಕೆ ಬಿಗಿಯಾಗಿ ಕಟ್ಟಿದ. ನಡುಗಂಬ ಕೆಮ್ಮಿತು.

"ಯಾರ್ರಿ, ಗೌಡ್ರಾ? ಕಂಬ ಅಂದ್ಕೊಂಡಿದ್ದೆ."

"ಸುಮ್ಮನ ಹೋಗು, ಯಾರಿಗೂ ಹೇಳಬ್ಯಾಡ" ಅಂದ ಮನ್ಮಥಪ್ಪ.

ಪೀರಪ್ಪ ಅದನ್ನು ಯಾರಿಗೂ ಹೇಳಬಾರದೆಂದೇ ಹೇಳುತ್ತ ಹೊಲಹೊಲ ದಾಟಿದ. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಓಣಿಯೇ ತೋಟದಲ್ಲಿತ್ತು. ಆಡು ಈಗಾಗಲೇ ಮನ್ಮಥಪ್ಪನ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ಹಗ್ಗ ಮುಗಿದ ಮೇಲೆ ಅವನ ಪಂಚೆಯ ಅಂಚು ಮೇಯುತ್ತ ನಿಂತಿತ್ತು. ಬಂದ ಹೆಣ್ಣುಮಕ್ಕಳು ಬಂದ ಕೈಗೆ ನಾಲ್ಕು ಕಾಯಿ ಕಿತ್ತುಕೊಂಡರು. ಯಾರೋ ಬುತ್ತಿಯ ಗಂಟನ್ನು ಅವನ ಮೊಣಕೈಗೆ ನೇತುಹಾಕಿ ಮಡಿಗೆ ನೀರು ಕಟ್ಟಲು ಹೋದರು. ಶಂಕ್ರೆಪ್ಪ ಬರುವಾಗಲೇ ಹೆಗಲ ಮೇಲೆ ಹೊಸ ಕವಲುಗಂಬ ಇತ್ತು. ಕಂಬದ ಕವಲಿಗೆ ಅರಿಶಿನವನ್ನೂ ಹಚ್ಚಿಕೊಂಡೇ ಬಂದಿದ್ದ!

"ಅಣ್ಣ, ಬಾಜೂಕ ಸರಕೋರಿ. ನಾ ನಿಂದರಸ್ತೀನಿ."

"ನಾ ದಣಿದಿಲ್ಲ."

"ಮಾರಿ ಕೆಂಪಗ ಆಗ್ಯದಲ್ರಿ."

"ಅದು ನನ್ನ ಬಣ್ಣ."

ಜನಾಬಾಯಿ ಕೋಲೂರಿಕೊಂಡು ಬಂದು ಹಂದರದಡಿ ಬಗ್ಗಿ ನೋಡಿದಳು. ಕಂಬ ಇಲ್ಲ, ಆದರೆ ಹಂದರ ಬಿದ್ದಿಲ್ಲ. ಹಿಂದೆ ಎಂದೂ ಬಾರದ ಪ್ರಸಂಗ. ಯೋಚಿಸಿ ತೀರ್ಪು ಕೊಟ್ಟಳು. ನಾಳೆ ಬುಟ್ಟಿ ಹೊರಡುವತನಕ ಮನ್ಮಥಪ್ಪ ಹೀಗೇ ನಿಂತರೆ ಮಾನ ಅವನದೇ, ಕಂಬದ ಬದಲು ಕಂಬದ ಮೊಮ್ಮಗ. ಕಾಲು ತೆಗೆದರೆ ಶಂಕ್ರೆಪ್ಪನದು. ಶಂಕ್ರೆಪ್ಪ ತನ್ನ ಕಂಬ ಮಗ್ಗುಲಿಗಿಟ್ಟು, ಆರಾಮಾಗಿ ಎಲೆ ಅಡಿಕೆ ಬಿಚ್ಚಿಕೊಂಡು ಕೂತ. ನಾಳೆಯ ಮಾತು ಕೇಳಿದ್ದೇ ಮನ್ಮಥಪ್ಪ ಬಾವಿಗಟ್ಟೆಯ ಕಡೆಗೊಮ್ಮೆ ಆಸೆಯಿಂದ ನೋಡಿದ.

ಆಗ ಸುಗಲಾಬಾಯಿ ಬಂದಳು. ಬೈಯುತ್ತಾಳೆಂದು ಎಲ್ಲರೂ ಕಾದರು. ಅವಳು ಸೊಂಟದಿಂದ ಕೊಡದ ಸಿಂಬಿ ತೆಗೆದು ಗಂಡನ ತಲೆಗೂ ತೊಲೆಗೂ ನಡುವೆ ಮೆತ್ತಗೆ ತುರುಕಿದಳು, ಆಮೇಲೆ ಬೆನ್ನಿನ ನಡುವೆ ಸರಿಯಾಗಿ ಅದೇ ಜಾಗ ಹುಡುಕಿ ತುರಿಸಿದಳು. ಮನ್ಮಥಪ್ಪನ ಕಣ್ಣಲ್ಲಿ ನೀರು ತುಂಬಿತು. ಗೆದ್ದಲು ಕಡಿಯಿತೆಂದು ಸುತ್ತಲಿನವರಿಗೆ ತಿಳಿಸಿದ.

ಅವಳು ಕಿವಿಯ ಹತ್ತಿರ ಬಾಗಿದಳು. "ಮಂದಿ ಕಂಬ ಬ್ಯಾಡ ಅಂದ್ರ ನಮ್ಮ ಮನ್ಯಾಗಿಂದು ತರಲೇನ್ರಿ? ಕವಲು ಗಟ್ಟಿ ಅದ."

"ನಮ್ಮ ಮನ್ಯಾಗಿಂದಾ? ಜಲ್ದಿ ತಾ. ಹಂಗಾದ್ರ ಯಾರ ಹಂಗೂ ಇಲ್ಲ."

ಸುಗಲಾಬಾಯಿ ಹೋದಳು. ಅವಳು ತಿರುಗಿ ಬರುವಷ್ಟರಲ್ಲಿ ಮನ್ಮಥಪ್ಪನಿಗೆ ಮುತ್ತಜ್ಜ, ಅಜ್ಜ, ಅಪ್ಪ ಮೂವರೂ ಕಾಲುವೆಯ ದಂಡೆಯ ಮೇಲೆ ಕೂತು ನೋಡುತ್ತಿರುವಂತೆ ಕಂಡಿತು. ಕೊನೆಗೆ ಬಂದಳು, ತಲೆಯ ಮೇಲೆ ಕೊಟ್ಟಿಗೆಯಲ್ಲಿ ಹೆಚ್ಚಾಗಿ ಉಳಿದಿದ್ದ ಜಾಲಿ ಕಂಬ. ಗಿಳಿ ಇಲ್ಲ, ಕಮಲ ಇಲ್ಲ. ಅಂಕುಡೊಂಕು, ಸಗಣಿ ಮೆತ್ತಿದ್ದು. ತುದಿಯಲ್ಲಿ ಮಾತ್ರ ಅಗಲವಾದ ಕವಲು. ಹೆಣ್ಣುಮಕ್ಕಳು ಕೂಡಿ ತೊಲೆಯಡಿ ಕೊಟ್ಟು, ಹಳೆಯ ಮೋಟು ಕಿತ್ತ ಕುಣಿಗೆ ಇಳಿಸಿ, ಬುಡಕ್ಕೆ ಕಲ್ಲು ಬಡಿದರು. ತೊಲೆಗಳು ತವರಿಗೆ ಬಂದವರಂತೆ ಕವಲಿನಲ್ಲಿ ಕೂತವು. ಹಂದರ ಅಲ್ಲಾಡಲಿಲ್ಲ.

ಮನ್ಮಥಪ್ಪ ಹಗ್ಗ ಬಿಡಿಸಿಕೊಂಡು ಹೊರಗೆ ಬಂದ. ಬೆಳಗಿನಿಂದ ಮೊದಲ ಸಲ ಬೆನ್ನು ನೆಟ್ಟಗಾಯಿತು, ಅದರ ಹಿಂದೆಯೇ ಮಾತೂ. ತಮ್ಮ ಮನೆತನ ಯಾರ ಮುಂದೂ ಕೈ ಚಾಚಿದ್ದಲ್ಲ, ನಾಳೆ ಬುಟ್ಟಿಯ ಮುಂದೆ ತಾನೇ ನಡೆಯುವವನು ಎಂದು ಸುತ್ತು ಹಾಕುತ್ತ ಶುರುಮಾಡಿದ. ಶಂಕ್ರೆಪ್ಪ ಅರಿಶಿನದ ಕಂಬ ಎತ್ತಿಕೊಂಡು ಏಳತೊಡಗಿದ್ದ. ಆಗ ಜನಾಬಾಯಿ ಕೋಲಿನಿಂದ ಜಾಲಿ ಕಂಬವನ್ನು ತಟ್ಟಿದಳು.

"ಇದು ಯಾರ ಹೊಲದ ಗಿಡ ಯವ್ವಾ?"

ಸುಗಲಾಬಾಯಿ ಸೆರಗು ಸರಿಮಾಡಿಕೊಂಡಳು. ನಾಳೆ ದೇವರಿಗೆ ಹೋಗುವ ಬುಟ್ಟಿ, ಸುಳ್ಳು ಹೇಳುವಂತಿಲ್ಲ.

"ಕಂಗ್ಟಿದು. ನಮ್ಮ ತಮ್ಮನ ಹೊಲದ್ದು. ಕೊಟಗಿಗಿ ಅಂತ ಅವನೇ ಗಾಡ್ಯಾಗ ತಂದಿದ್ದ."

"ಹಂಗಾದ್ರ ವೀರಪ್ಪಗ ಹೇಳಿ ಕಳಸ್ರಿ. ನಾಳಿ ಬುಟ್ಟಿ ಮುಂದ ಅವ ನಡೀಬೇಕು."

ಮೊದಲು ನಕ್ಕದ್ದು ಪೀರಪ್ಪ. ಆಮೇಲೆ ಯಾರು ನಕ್ಕರು, ಯಾರು ನಗಲಿಲ್ಲ ಎಂದು ಹೇಳುವುದು ಕಷ್ಟ. ವೀರಪ್ಪ ಮೆತ್ತಗೆ ಹೆಜ್ಜೆ ಹಾಕುತ್ತ ಝರಾಸಂಗಂ ಮುಟ್ಟಲು ಸಂಜೆಯಾಗುತ್ತದೆ, ಹಿಂದಿನವರು ಬುತ್ತಿ ಕಟ್ಟಿಕೊಂಡು ಹೊರಡಿ ಅಂದ ಶಂಕ್ರೆಪ್ಪ.

ಮನ್ಮಥಪ್ಪ ಎರಡು ಸುತ್ತು ಹಾಕಿದ. ಮೂರನೆಯದರ ಅರ್ಧಕ್ಕೆ ನಿಂತ. ನೆಲದ ಮೇಲೆ ಬಿದ್ದಿದ್ದ ಸಿಂಬಿ ಎತ್ತಿ ತಲೆಗೆ ಇಟ್ಟುಕೊಂಡ, ಹಂದರದಡಿ ನುಗ್ಗಿದ, ಜಾಲಿ ಕಂಬದ ಮಗ್ಗುಲಲ್ಲಿ ತೊಲೆಗೆ ತಲೆ ಕೊಟ್ಟು ನಿಂತುಬಿಟ್ಟ. ಸುಗಲಾಬಾಯಿ ಕೈ ಹಿಡಿದು ಹೊರಗೆ ಕರೆದಳು. ಶಂಕ್ರೆಪ್ಪನೂ ಕನಿಕರಪಟ್ಟು, ತನ್ನ ಕಂಬವನ್ನು ಮನ್ಮಥಪ್ಪನ ಹೆಸರಿನಲ್ಲೇ ನಿಲ್ಲಿಸುತ್ತೇನೆ ಅಂದ. ಎತ್ತಿನ ಜೊತೆ ನೊಗ ಎಳೆದವನ ಮೊಮ್ಮಗ ಮೂಗಿನ ಮುಂದಿನ ಹೀರೇಕಾಯಿಯನ್ನು ಉಫ್ ಎಂದು ಊದಿ ಅತ್ತ ಸರಿಸಿದ.

"ಬ್ಯಾಡ. ಆ ಕಂಗ್ಟಿ ಕಂಬ ತಗೀರಿ. ನಾಳಿತನ ನಾನೇ ನಿಂದರ್ತೀನಿ. ಬೇಕಾದ್ರ ಆಡು ಕಟ್ಟಿ ಹೋಗ್ರಿ, ಕೈ ಮಾತ್ರ ಯಾರೂ ಹಚ್ಚಬ್ಯಾಡ್ರಿ."