ಆರನೆಯ ತಂತಿಯವರ ಘನ ಸನ್ನಿಧಿಗೆ, ಝೇಂಕಾರದ ವಿಷಯವಾಗಿ

ಬೈಲಹೊಂಗಲ,
ಶ್ರಾವಣ ಮಾಸದ ಎರಡನೆಯ ಶುಕ್ರವಾರ, 1999

ಮಾನ್ಯ ಆರನೆಯ ತಂತಿಯವರೇ,

ನನ್ನ ಎಲೆಕ್ಟ್ರಿಕ್ ಗಿಟಾರಿನ ಆರು ತಂತಿಗಳಲ್ಲಿ ಎಲ್ಲರಿಗಿಂತ ದಪ್ಪಗೆ, ಎಲ್ಲರಿಗಿಂತ ಮೇಲೆ, ಮೈತುಂಬ ಸುರುಳಿ ಸುತ್ತಿಕೊಂಡು ವಿರಾಜಮಾನರಾಗಿರುವ ತಮಗೆ, ತಹಶೀಲ್ದಾರ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಇಪ್ಪತ್ತೆರಡು ವರ್ಷಗಳಿಂದ ಮಂದಿಯ ಅರ್ಜಿಗಳನ್ನು ಬರೆದು ಹೊಟ್ಟೆ ಹೊರೆಯುತ್ತಿರುವ ಶ್ರೀಶೈಲ ಎಂಬ ಬಡಪಾಯಿಯ ಅನಂತ ನಮಸ್ಕಾರಗಳು. ಲೈನ್‌ಮನ್‌ನಿಂದ ಹಿಡಿದು ರಾಜ್ಯಪಾಲರವರೆಗೆ ಎಲ್ಲರಿಗೂ ಅರ್ಜಿ ಬರೆದ ಈ ಕೈ ಒಂದು ತಂತಿಗೆ ಬರೆಯುತ್ತಿರುವುದು ಇದೇ ಮೊದಲು. ಆದರೂ ನನಗೆ ಸಂಕೋಚವಿಲ್ಲ, ಏಕೆಂದರೆ ನಾನು ಬರೆದ ದೊಡ್ಡವರಲ್ಲಿ ಬಹಳಷ್ಟು ಜನ ತಮ್ಮಂತೆ 'ಗೂಂಯ್' ಎಂದಾದರೂ ಉತ್ತರ ಕೊಟ್ಟವರಲ್ಲ.

ಮೊದಲಿಗೆ ತಮ್ಮ ಕಾರ್ಯವೈಖರಿಯನ್ನು ಮನಸಾರೆ ಹೊಗಳಲು ಅಪ್ಪಣೆಯಾಗಬೇಕು. ಹಗಲು ಅರ್ಜಿ ಬರೆದು, ಲಗ್ನಸರಾಯಿ ಬಂತೆಂದರೆ ನಿಜಗುಣಪ್ಪನವರ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವ ನನಗೆ, ವೇದಿಕೆಯ ಎಡಮೂಲೆಯ ಆ ಎರಡು ಹೆಜ್ಜೆ ಜಾಗವೇ ಈ ಜನ್ಮದ ಜಹಗೀರು. ಅದರ ಮೇಲೆ ನಿಂತಾಗ ನಾನು ಯಾರ ಪರವಾಗಿಯೂ ಬರೆಯುವವನಲ್ಲ, ನನ್ನ ಪರವಾಗಿಯೇ ಮಾತಾಡುವವನು. ಅಂಥ ಜಾಗದಲ್ಲಿ ನಾನು ತಮ್ಮನ್ನು ಕುತ್ತಿಗೆಯ ಮೂರನೆಯ ಫ್ರೆಟ್ಟಿನ, ಅಂದರೆ ಲೋಹದ ಪಟ್ಟಿಯ, ಹತ್ತಿರ ಒತ್ತಿದ ಕೂಡಲೇ ತಾವು ಮುಂದಿನ ಪಟ್ಟಿಗೆ ಮೈ ತಾಗಿಸಿ, ಡಬ್ಬಿಯಲ್ಲಿ ಸಿಕ್ಕ ದುಂಬಿಯಂತೆ ಗೂಂಯ್‌ಗುಡಲು ಶುರುಮಾಡಿದಿರಿ. ಅದೂ ಮದುವೆಯ ಮಂದಿಯ ಮುಂದೆ ಮಾತ್ರ. ನಿಜಗುಣಪ್ಪನವರು ಖುದ್ದಾಗಿ ನನ್ನ ಮನೆಗೆ ಬಂದು ಕಿವಿಗೊಟ್ಟು ಪರೀಕ್ಷಿಸಿದ ದಿನ, ಸಾಹೇಬರು ಬಂದಾಗಿನ ಕಚೇರಿಯಂತೆ ಎಷ್ಟು ಶಿಸ್ತಿನಿಂದ ನುಡಿದಿರೆಂದರೆ, ಸುಳ್ಳುಗಾರನಾದವನು ನಾನು.

ತಮ್ಮ ಈ ದಕ್ಷತೆಯ ಫಲವಾಗಿ ನಿಜಗುಣಪ್ಪನವರು ಬಾಗಿಲಲ್ಲೇ ನಿಂತು ಹೇಳಿದ ಮಾತನ್ನು ಯಥಾವತ್ತಾಗಿ ಲಗತ್ತಿಸಿದ್ದೇನೆ: "ಶ್ರೀಶೈಲಪ್ಪಾ, ಮೊದಲ ಆ ತಂತಿ ಬಾಯಿ ಮುಚ್ಚಸ್ರಿ. ರಾಮದುರ್ಗದ ಮದವ್ಯಾಗೂ ಹಿಂಗ ಗೂಂಯ್ ಅಂತಂದ್ರ, ಹೊಸಾ ಕೀಬೋರ್ಡಿನ್ಯಾಗ ಗಿಟಾರಿಂದೂ ಒಂದ ಗುಂಡಿ ಐತಿ. ನಿಮಗ್ಯಾಕ ಸುಮ್ನ ತ್ರಾಸ?" ನನ್ನ ಇಪ್ಪತ್ತು ವರ್ಷದ ಬೆರಳುಗಳ ಬದಲಿಗೆ ಒಂದು ಗುಂಡಿ ಎಂದು ಕೇಳಿ ನನಗೆ ಅಂದು ಊಟ ಸೇರಲಿಲ್ಲ. ತಮಗೆ ಊಟದ ಅಗತ್ಯವೇ ಇಲ್ಲದ್ದರಿಂದ ಈ ಸಂಗತಿ ತಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ.

ಆಮೇಲೆ ತಮ್ಮ ಚಿಕಿತ್ಸೆಗೆ ನಾನು ಪಟ್ಟ ಪಾಡು ಕೇಳಬೇಕು. ಬೈಲಹೊಂಗಲದಲ್ಲಿ ಗಿಟಾರ್ ವೈದ್ಯರಿಲ್ಲ, ಆದರೆ ಟ್ರ್ಯಾಕ್ಟರ್ ವೈದ್ಯ ಪರಶು ಇದ್ದಾನೆ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಟ್ರ್ಯಾಕ್ಟರುಗಳು ಒಂದು ಹಂಗಾಮು ಮುಗಿಸಿ ಇನ್ನೊಂದು ಹಂಗಾಮು ಕಾಣುವುದು ಅವನ ಕೈಗುಣದಿಂದ. ಗಿಟಾರಿನ ಕುತ್ತಿಗೆಯೊಳಗೆ ಒಂದು ಕಬ್ಬಿಣದ ಸರಳು, ಅದರ ತುದಿಗೊಂದು ನಟ್ಟು ಇರುವುದನ್ನು ಕಂಡು ಅವನ ಮುಖ ಅರಳಿತು. "ಬಡಕೊಳ್ಳಾಕ ಹತ್ತೈತಿ ಅಂದ್ರ ಎಲ್ಲೋ ಸಡಲ ಆಗೈತಿ ಅಂತ ತಿಳ್ಕೋರಿ, ಬಿಗಿ ಮಾಡಿದ್ರ ಸುಮ್ನ ಆಗತೈತಿ" ಎಂದು ಒಂದು ಸುತ್ತು ತಿರುವಿಯೇಬಿಟ್ಟ. ಟ್ರ್ಯಾಕ್ಟರಿಗೆ ಇದು ವೇದವಾಕ್ಯ. ಗಿಟಾರಿನ ಕುತ್ತಿಗೆಯೋ ಬಿಗಿದಷ್ಟೂ ಹಿಂದಕ್ಕೆ ಸೆಟೆಯುತ್ತದೆ, ತಂತಿಗಳು ಪಟ್ಟಿಗಳಿಗೆ ಇನ್ನಷ್ಟು ಹತ್ತಿರವಾಗುತ್ತವೆ. ಅಲ್ಲಿಯವರೆಗೆ ಒಬ್ಬರೇ ಹೋರಾಡುತ್ತಿದ್ದ ತಮ್ಮ ಸಂಘಟನೆಗೆ ಐದನೆಯವರೂ ನಾಲ್ಕನೆಯವರೂ ಅಂದೇ ಸದಸ್ಯರಾದರು.

ಮದುವೆಗೆ ಮೂರು ದಿನ ಉಳಿದಾಗ, ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎಂದು ತಮ್ಮನ್ನು ಹೊತ್ತು ಸವದತ್ತಿಗೆ ಹೋದೆ. ಅಲ್ಲಿ ಭಜನೆಯವರ ತಂಬೂರಿಗಳನ್ನು ಮಾಡಿ, ಮುರಿದದ್ದನ್ನು ಕೂಡಿಸುವ ಶಟ್ಟೆಪ್ಪ ಅಜ್ಜನವರಿದ್ದಾರೆ. ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಬೇಡಿಕೆ ಬಿಡಿಸಿ ಹೇಳಿರಿ, ಸುತ್ತುಬಳಸುವುದು ಬೇಡ ಎಂದು ಕಂಡವರಿಗೆಲ್ಲ ಬುದ್ಧಿ ಹೇಳುವ ನಾನು, ಕೈಗೆ ಹತ್ತಿದ ಚಟದಿಂದ ಆ ಅಜ್ಜನಿಗೆ "ಈ ತಂತಿಯ ನಾದದ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಬೇಕು" ಎಂದಷ್ಟೇ ಹೇಳಿ ಚಹಾ ಕುಡಿಯಲು ಹೋದೆ. ತಂಬೂರಿ ಮಾಡುವವರಿಗೆ ತಂತಿ ಝೇಂಕರಿಸುವುದು ರೋಗವಲ್ಲ, ಆರೋಗ್ಯ. ತಂತಿಯ ಕೆಳಗೆ ಒಂದೆಳೆ ನೂಲು ಸಿಕ್ಕಿಸಿ, ಕೂದಲೆಳೆಯಷ್ಟು ಆಚೀಚೆ ಸರಿಸಿ, ಆ ಝೇಂಕಾರವನ್ನು ಎಬ್ಬಿಸುವುದಕ್ಕೇ ಅವರು ಜನ್ಮ ಸವೆಸಿರುತ್ತಾರೆ. ನಾನು ಮರಳಿ ಬರುವಷ್ಟರಲ್ಲಿ ಅಜ್ಜ ಒಂದು ಚಪ್ಪಟೆ ಎಲುಬಿನ ಪಟ್ಟಿಯನ್ನು ತಂತಿಗಳ ಬುಡಕ್ಕೆ ಕೂಡಿಸಿ, ಆರೂ ತಂತಿಗಳಿಗೆ ನೂಲು ಸಿಕ್ಕಿಸಿ, ಕಣ್ಣು ಮುಚ್ಚಿ ಮೀಟುತ್ತ ಕೂತಿದ್ದರು. "ಬರೇ ಒಂದ ತಂತಿಗೆ ಜೀವಾ ಬಂದಿತ್ರಿ, ಈಗ ಆರಕ್ಕೂ ತಂದೇನಿ ನೋಡ್ರಿ" ಎಂದರು. ಅಂಥ ಮುಖ ನೋಡಿ ತೆಗೆಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಮನೆಗೆ ಬಂದು ನಾನೇ ಕೀಳಲು ಹೋದೆ. ಅಜ್ಜ ಆ ಎಲುಬಿನ ಪಟ್ಟಿಗೆ ಹಚ್ಚಿದ ಅಂಟು ಕಲ್ಲಾಗಿ ಕೂತಿತ್ತು.

ರಾಮದುರ್ಗದ ಮದುವೆಯಲ್ಲಿ ತಾವು ಸಹೋದರರ ಸಮೇತ ತೋರಿದ ಪ್ರತಾಪವನ್ನು ಆ ಊರು ಇನ್ನೂ ಮರೆತಿಲ್ಲ. ಮೈಕಿನವನು ಸ್ಪೀಕರ್ ಹರಿಯಿತೆಂದು ಓಡಿಬಂದು ಡಬ್ಬಿಗೆ ಎರಡು ಗುದ್ದಿದ. ಮದುಮಗಳ ಅಜ್ಜಿ ಸುಂದರವ್ವನವರು "ಜೇನ ಎದ್ದಾವು, ಹುಡುಗ್ರನ್ನ ಒಳಗ ಕರಕೋರಿ" ಎಂದು ತಲೆತುಂಬ ಸೆರಗು ಹೊದ್ದರು. ನಿಜಗುಣಪ್ಪನವರು ನನ್ನ ಕಡೆ ತಿರುಗಿಯೂ ನೋಡದೆ ನನ್ನ ವಯರು ಕಿತ್ತು, ಕೀಬೋರ್ಡಿನ ಗುಂಡಿ ಒತ್ತಿದರು. ಗಿಟಾರ್ ಅಚ್ಚುಕಟ್ಟಾಗಿ ನುಡಿಯಿತು. ಇಳಿಯುವ ಮೆಟ್ಟಿಲು ಆ ಕೀಬೋರ್ಡಿನ ಆಚೆಗಿದ್ದುದರಿಂದ, ಉಳಿದ ಒಂಬತ್ತು ಹಾಡುಗಳಿಗೂ ನಾನು ಅಲ್ಲೇ ನಿಂತು, ಬಾರದ ನಾದಕ್ಕೆ ಬೆರಳಾಡಿಸುತ್ತ ನಗುತ್ತಲೇ ಇದ್ದೆ. ಅಂಥ ನಾಚಿಕೆಯನ್ನು ನಾನು ಹಿಂದೆಂದೂ ಉಂಡಿರಲಿಲ್ಲ.

ಜಹಗೀರು ಹೋಯಿತು. ಎರಡು ತಿಂಗಳು ತಾವು ಗೋಡೆಯ ಮೊಳೆಯಲ್ಲಿ ವಿಶ್ರಾಂತಿ ಪಡೆದಿರಿ. ಶ್ರಾವಣ ಬರುತ್ತಲೇ ಶಟ್ಟೆಪ್ಪ ಅಜ್ಜನವರು ಹೇಳಿ ಕಳಿಸಿದರು: ಮನೋಳಿಯ ಮಠದಲ್ಲಿ ತಿಂಗಳು ಪೂರ್ತಿ ಪುರಾಣ, ಹಾಡುವ ಗುರುಬಸವ್ವನವರ ತಂಬೂರಿಯ ಬುರುಡೆ ಬಿರುಕು ಬಿಟ್ಟಿದೆ, ಜೀವ ತುಂಬಿದ ಆ ನಿಮ್ಮ ವಾದ್ಯ ತಗೊಂಡು ಬರಬೇಕು. ವಚನ ಹಾಡುವ ಎಪ್ಪತ್ತರ ಮುದುಕಿಯ ಬೆನ್ನ ಹಿಂದೆ ಕೂತು, ಒಂದು ಬೆರಳೂ ಒತ್ತದೆ ಖಾಲಿ ತಂತಿ ಮೀಟುವುದೆಂದರೆ ಗಿಟಾರಿನವನಿಗೆ ಎಮ್ಮೆ ಕಾಯುವ ಕೆಲಸ. ಮೂಗು ಮುರಿಯುತ್ತಲೇ ನಾಲ್ಕರ ಬಸ್ಸು ಹತ್ತಿ ಹೋದೆ. ಅಜ್ಜ ಷಡ್ಜ ಪಂಚಮಕ್ಕೆ ತಂತಿ ಕೂಡಿಸಿಕೊಟ್ಟರು. ಆ ಸಂಜೆ ತಾವು ಝೇಂಕರಿಸಿದಿರಿ, ಮತ್ತು ಗುರುಬಸವ್ವನವರ ದನಿ ಆ ಝೇಂಕಾರದೊಳಗೆ ಇಳಿದು, ನಿಂತು, ಮೇಲೆದ್ದಿತು. ಇಪ್ಪತ್ತು ವರ್ಷ ಕುಣಿಯುವವರಿಗೆ ನುಡಿಸಿದವನ ತಂತಿಯನ್ನು ನೆಚ್ಚಿ ಒಬ್ಬರು ಹಾಡಿದ್ದು ಅದೇ ಮೊದಲು. ನನ್ನ ಕಣ್ಣಲ್ಲಿ ನೀರು ಬಂತು ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ.

ಇನ್ನು ತಾವು ಸುಮ್ಮನಿರುತ್ತೀರಾ? ಮೊನ್ನೆ ಮಲಪ್ರಭೆ ತುಂಬಿ ಬಂದಳು, ಮಠದ ಗೋಡೆಗಳು ಬೆವೆತವು. ಆ ಹಸಿಗೆ ಗಿಟಾರಿನ ಕಟ್ಟಿಗೆ ಉಬ್ಬಿ, ಕುತ್ತಿಗೆ ತುಸು ಮುಂದೆ ಬಾಗಿ, ನೂಲು ತೊಯ್ದು, ತಾವು ನಿನ್ನೆ ಸಂಜೆ ಗಂಟೆ ಹೊಡೆದಷ್ಟು ಸ್ವಚ್ಛವಾಗಿ ನುಡಿದಿರಿ. ಬೇಸಿಗೆಯಿಡೀ ನಾನು ಹರಕೆ ಹೊತ್ತು ಬೇಡಿದ ನಾದ! ಗುರುಬಸವ್ವನವರು ಹಾಡು ನಿಲ್ಲಿಸಿ ತಿರುಗಿ ನೋಡಿದರು. "ತಮ್ಮಾ, ಇಷ್ಟ ದಿನಾ ನಿನ್ನ ತಂತಿ ಮ್ಯಾಲ ಕುಂತ ಹಾಡತಿದ್ನಿ. ಇವತ್ತ ಬರೇ ನೆಲದ ಮ್ಯಾಲ ಕುಂತಂಗ ಆತಲ್ಲೋ" ಎಂದರು. ಮಠದ ಹಿರಿಯರೊಬ್ಬರು, ಗುಂಡಿ ಒತ್ತಿದರೆ ತಂಬೂರಿ ನುಡಿಯುವ ವಿದ್ಯುತ್ ಪೆಟ್ಟಿಗೆಯೊಂದು ಬಂದಿದೆ, ತರಿಸೋಣವೇ ಎಂದರು. "ಒಂದೆರಡ ದಿನಾ ನೋಡೂಣು, ಪಾಪ" ಎಂದರು ಆ ತಾಯಿ. ನನ್ನ ಎದೆಗೆ ನಾಟಿದ್ದು ಆ ಪಾಪ ಎಂಬ ಮಾತು.

ಇಷ್ಟಕ್ಕೇ ಮುಗಿಯಲಿಲ್ಲ. ಹೆಂಡತಿಯ ತವರೆಂದು ಮನೋಳಿಗೆ ಬಂದು ಪುರಾಣ ಕೇಳುತ್ತ ಕೂತಿದ್ದ ನಿಜಗುಣಪ್ಪನವರು ಚಪ್ಪಲಿ ಬಿಟ್ಟಲ್ಲಿ ನನ್ನನ್ನು ಹಿಡಿದರು. "ಈಗ ಹೆಂಗ ಸ್ವಚ್ಛ ಆತ ನೋಡ್ರಿ! ಗುಂಡಿ ಗಿಟಾರ್ ಮಂದಿಗೆ ಸೇರವಲ್ತು. ರವಿವಾರ ಸಂಜಿಕ ಕಿತ್ತೂರಾಗ ರಿಸೆಪ್ಶನ್ ಐತಿ, ಬಂದ್ಬಿಡ್ರಿ, ನಿಮ್ಮ ಜಾಗಾ ಹಂಗ ಐತಿ." ಸಂಜೆಯೆಂದರೆ ಪುರಾಣದ ಹೊತ್ತೂ ಅದೇ. ಈ ಮಾತನ್ನು ವೈಶಾಖದಲ್ಲಿ ಹೇಳಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ.

ಆದ್ದರಿಂದ ಈ ಸಲ ಸುತ್ತುಬಳಸದೆ ಪ್ರಾರ್ಥಿಸುವುದೇನೆಂದರೆ, ತಾವು ದಯವಿಟ್ಟು ಹದಗೆಡಬೇಕು. ನೂಲನ್ನು ಒಲೆಯ ಮೇಲೆ ಹಿಡಿದು ಒಣಗಿಸಿದ್ದೇನೆ, ತಮ್ಮ ಕುತ್ತಿಗೆಗೆ ನನ್ನ ಉಣ್ಣೆಯ ಮಫ್ಲರ್ ಸುತ್ತಿದ್ದೇನೆ, ನಾಲ್ಕರ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಗಾಳಿ ತಾಗದಂತೆ ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ. ಮಳೆಗೂ ಒಂದು ದಿನದ ರಜೆ ಮಂಜೂರು ಮಾಡಿಸಲು ಬರುವುದಾದರೆ ಮಾಡಿಸಿರಿ. ಮದುವೆಯಲ್ಲಿ ನಾನು ಕೇಳದಿದ್ದರೂ ಕೊಟ್ಟದ್ದನ್ನು ಇಂದು ಸಂಜೆ ಕೈಮುಗಿದು ಕೇಳುತ್ತಿದ್ದೇನೆ, ಗುರುಬಸವ್ವನವರು ಹಾಡಲು ಕೂತಾಗ ಒಮ್ಮೆ ಗೂಂಯ್ ಅನ್ನಿರಿ.

ತಮ್ಮ ವಿಶ್ವಾಸಿ, ಬೇರೆ ಗತಿಯಿಲ್ಲದ್ದರಿಂದ,
ಶ್ರೀಶೈಲ
ಅರ್ಜಿ ಬರಹಗಾರ, ಬೈಲಹೊಂಗಲ

ತಾ.ಕ.: ತಂತಿಯ ದೋಷ ರಾತ್ರಿಯೇ ಮರುಕಳಿಸಿದೆ, ಕಿತ್ತೂರಿಗೆ ಬರಲಾಗದು, ಕ್ಷಮೆಯಿರಲಿ ಎಂದು ನಿಜಗುಣಪ್ಪನವರಿಗೆ ಈಗಷ್ಟೇ ಲಿಖಿತವಾಗಿ ತಿಳಿಸಿದ್ದೇನೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳು ಇದು ಎಂದರೆ ಅದು ಇನ್ನೊಂದು ಸುಳ್ಳಾದೀತು, ಆದರೆ ನನ್ನ ಸ್ವಂತಕ್ಕೆಂದು ಬರೆದದ್ದು ಇದೊಂದೇ. ಸಂಜೆಯೊಳಗೆ ಅದನ್ನು ನಿಜ ಮಾಡುವ ಹೊಣೆ ತಮ್ಮದು.