ಖರ್ಚು ಅಂದರೆ ನಾನೊಬ್ಬನೇ

ನಮ್ಮಕ್ಕನ ಜೊತೆ ಒಂದು ಸಲ ಪ್ರವಾಸ ಹೋಗಿಬಂದವರು ಆಮೇಲೆ ಯಮನಿಗೂ ಹೆದರುವುದಿಲ್ಲ. ಇದು ಕೋಪದಲ್ಲಿ ಹೇಳುವ ಮಾತಲ್ಲ. ಮೂವತ್ತು ವರ್ಷ ಅವಳ ಹಿಂದೆ ಮೂಟೆ ಹೊತ್ತುಕೊಂಡು ಓಡಿದವನ ಅನುಭವದ ಮಾತು. ನಾಳೆ ಯಮ ಬಂದು ಹೊರಡು ಅಂದರೆ ನಾನು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಬಸ್ಸು ಬದಲಾಯಿಸಬೇಕು ಸ್ವಾಮಿ?

ಅವಳ ಹೆಸರು ಹೇಳುವುದಿಲ್ಲ. ಹೇಳಿದರೆ ಹೊಸೂರಿನ ಅರ್ಧ ಕಂಡಕ್ಟರುಗಳು ಗುರುತು ಹಿಡಿದುಬಿಡುತ್ತಾರೆ. ಇನ್ನರ್ಧ ಜನ ಹೆಸರು ಹೇಳದಿದ್ದರೂ ಈಗಾಗಲೇ ಹಿಡಿದಿರುತ್ತಾರೆ!

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಮಾಲೂರಿನ ಕಡೆಯಿಂದ ಹೊಸೂರಿನ ಅವಲಪಲ್ಲಿಯ ನಮ್ಮ ಎರಡು ಕೋಣೆಯ ಮನೆಗೆ ಬಂದಳು. ಆಗ ನಾನು ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಲ್ಲುತ್ತಿದ್ದೆ. ಅವಳು ಒಂದು ಗುಲಾಬಿ ತೋಟದ ಶೆಡ್ಡಿನಲ್ಲಿ ಹೂವಿನ ಕಟ್ಟು ಕಟ್ಟುವ ಕೆಲಸ ಹಿಡಿದಳು. ಎರಡು ಸಂಬಳ ಸೇರಿದರೂ ತಿಂಗಳ ಕೊನೆಯ ವಾರದಲ್ಲಿ ನಮ್ಮ ಮನೆಯ ಸಾರು ತೆಳ್ಳಗಾಗಿ ತಟ್ಟೆಯ ತಳ ಕಾಣುತ್ತಿತ್ತು. ಅಂಥ ಮನೆಗೆ ನಮ್ಮಕ್ಕ ಒಂದು ಕಾನೂನು ತಂದಳು: ವರ್ಷಕ್ಕೊಂದು ಪ್ರವಾಸ ಆಗಲೇಬೇಕು, ದುಡ್ಡು ಮಾತ್ರ ಖರ್ಚಾಗಕೂಡದು.

ಇದು ಹೇಗೆ ಸಾಧ್ಯ ಅಂತ ನಾನು ಕೇಳಿದೆ. ಅವಳು ಕೊಟ್ಟ ಉತ್ತರ ಇವತ್ತಿಗೂ ನೆನಪಿದೆ. "ವರ್ಷಾನುಗಟ್ಲೆ ಒಂದೇ ಗೋಡೆ ನೋಡ್ತಾ ಕುಂತ್ರೆ ನಾವೂ ಗೋಡೆ ಆಗ್ಬುಡ್ತೀವಿ ಕಣ್ಲಾ. ಬ್ಯಾರೆ ಗೋಡೆ ನೋಡಾಕೆ ಯಾಕೆ ಬೇಕು ದುಡ್ಡು?"

ಮೊದಲ ವರ್ಷ ಅವಳು ಅಕ್ಷರಶಃ ಬೇರೆ ಗೋಡೆಯನ್ನೇ ತೋರಿಸಿದಳು. ಕೆಲಮಂಗಲದಲ್ಲಿ ಅವಳ ನಾದಿನಿಯ ಮನೆಯಿತ್ತು. ಅವರಿಗೂ ಪ್ರವಾಸದ ಆಸೆ, ಅವರ ಹತ್ತಿರವೂ ದುಡ್ಡಿಲ್ಲ. ಅಕ್ಕ ಎರಡು ಮನೆಯನ್ನೂ ಅದಲುಬದಲು ಮಾಡಿಬಿಟ್ಟಳು! ಮೂರು ದಿನ ಅವರು ನಮ್ಮ ಮನೆಯಲ್ಲಿ, ನಾವು ಅವರ ಮನೆಯಲ್ಲಿ. ಬೇರೆ ನೀರು, ಬೇರೆ ಕಿಟಕಿ, ಜಗಳವಾಡಲು ಬೇರೆ ಪಕ್ಕದ ಮನೆಯವರು. ಪ್ರವಾಸ ಅಂದರೆ ಇನ್ನೇನು? ಅವರು ಹೊಸೂರಿನಲ್ಲಿ ಅಂಗಡಿ ಬೀದಿ ಸುತ್ತಿ, ದೀಪದ ಬೋರ್ಡುಗಳನ್ನೆಲ್ಲ ನೋಡಿ, ಸಂತೋಷದಿಂದ ವಾಪಸ್ಸಾದರು. ನಮ್ಮ ಕಡೆ ಮಾತ್ರ ಒಂದು ಸಣ್ಣ ವಿಷಯ ಯಾರಿಗೂ ಹೊಳೆದಿರಲಿಲ್ಲ. ಅವರ ಮನೆಯಲ್ಲಿ ಎರಡು ಎಮ್ಮೆಗಳಿದ್ದವು. ಎಮ್ಮೆಗಳಿಗೆ ರಜೆ ಇರಲಿಲ್ಲ. ಫ್ಯಾಕ್ಟರಿಗೆ ರಜೆ ಹಾಕಿ ಹೋದ ನಾನು ಮೂರು ದಿನ ಸಗಣಿ ಬಾಚಿ, ಸೋಮವಾರ ಲೇತ್ ಮೆಷಿನ್ನನ್ನು ನೋಡಿದಾಗ ತಬ್ಬಿಕೊಳ್ಳುವುದೊಂದು ಬಾಕಿ!

ಇನ್ನೊಂದು ವರ್ಷ ಕೃಷ್ಣಗಿರಿಯ ಅಣೆಕಟ್ಟಿಗೆ ಹೋದೆವು. ಅಲ್ಲಿ ಸಾಲಾಗಿ ಮೀನು ಹುರಿಯುವ ಅಂಗಡಿಗಳು. ವಾಸನೆಗೆ ನಮ್ಮ ಕಾಲುಗಳು ತಾವಾಗಿಯೇ ನಿಂತವು. ಅಕ್ಕ ರೇಟು ಕೇಳಿದಳು, ಮುಖ ತಿರುಗಿಸಿದಳು, ಎರಡು ಹೆಜ್ಜೆ ಹೋದಳು. ಮತ್ತೆ ವಾಪಸ್ಸು ಬಂದು ಬುತ್ತಿಯ ಗಂಟಿನಿಂದ ಒಂದು ಪೊಟ್ಟಣ ತೆಗೆದು ಅಂಗಡಿಯಾಕೆಯ ಮೂಗಿನ ಹತ್ತಿರ ಹಿಡಿದಳು. ಮನೆಯಲ್ಲಿ ಕುಟ್ಟಿದ ಮಸಾಲೆ! ಆಕೆ ತಮಿಳಿನಲ್ಲಿ ಏನೋ ಕೇಳಿದಳು, ಅಕ್ಕ ಅರ್ಧ ತಮಿಳು ಅರ್ಧ ತೆಲುಗಿನಲ್ಲಿ ಏನೋ ಹೇಳಿದಳು. ಒಂದು ಮೀನಿಗೆ ಆ ಮಸಾಲೆ ಹಚ್ಚಿ ಹುರಿದು ನೋಡಿದರು. ಅರ್ಧ ಗಂಟೆಯಲ್ಲಿ ಅಕ್ಕ ಒಲೆಯ ಮುಂದೆ ಕುಳಿತು ಹುರಿಯುತ್ತಿದ್ದಳು, ಅಂಗಡಿಯಾಕೆ ಗಿರಾಕಿಗಳನ್ನು ಕೂಗುತ್ತಿದ್ದಳು, ನಾವು ಕೂಲಿಯ ಬದಲಿಗೆ ಸಿಕ್ಕ ಮೀನು ತಿನ್ನುತ್ತಿದ್ದೆವು. ಪ್ರವಾಸಕ್ಕೆ ಹೋಗಿ ದುಡಿದುಕೊಂಡು ಬಂದ ಸಂಸಾರವನ್ನು ನೀವು ಇನ್ನೆಲ್ಲಾದರೂ ಕಂಡಿದ್ದೀರಾ?

ಹೀಗಿರುವಾಗ ನಮ್ಮ ತಮಿಳುನಾಡಿನ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ಕಾಸು ಬೇಡ ಅಂತಾಯಿತು. ಆ ದಿನ ಅಕ್ಕನ ಮುಖ ನೀವು ನೋಡಬೇಕಿತ್ತು. ರಾಜ್ಯದ ಬಸ್ಸುಗಳನ್ನೆಲ್ಲ ಅವಳ ಹೆಸರಿಗೆ ಬರೆದುಕೊಟ್ಟ ಹಾಗೆ! ದೂರ ಹೋಗುವ ಬಸ್ಸುಗಳಿಗೆ ಈ ಸವಲತ್ತಿಲ್ಲ, ಊರ ಸುತ್ತ ಓಡುವ ಟೌನ್ ಬಸ್ಸಿಗೆ ಮಾತ್ರ. ಅದರಿಂದೇನು? ಒಂದು ಟೌನ್ ಬಸ್ಸಿನ ಬಾಲಕ್ಕೆ ಇನ್ನೊಂದು ಟೌನ್ ಬಸ್ಸನ್ನು ಗಂಟು ಹಾಕುತ್ತ ಹೋದರೆ ಎಲ್ಲಿಗೆ ಬೇಕಾದರೂ ಹೋಗಬಹುದಲ್ಲ! ವಾರಗಟ್ಟಲೆ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳನ್ನು ವಿಚಾರಿಸಿ, ಮೊಮ್ಮಗಳ ಕೈಯಲ್ಲಿ ಹಳೇ ಕ್ಯಾಲೆಂಡರಿನ ಹಿಂದೆ ಬರೆಸಿದಳು: ಹೊಸೂರಿನಿಂದ ಸೂಳಗಿರಿ, ಕೃಷ್ಣಗಿರಿ, ಕಾವೇರಿಪಟ್ಟಣ, ಧರ್ಮಪುರಿ, ಪೆನ್ನಾಗರಂ, ಕೊನೆಗೆ ಹೊಗೇನಕಲ್ ಜಲಪಾತ. ಆರು ಬಸ್ಸು.

ಹೋಗಬೇಕಾದವರು ನಾಲ್ವರು. ಅಕ್ಕ, ನನ್ನ ಹೆಂಡತಿ, ಬೇಸಿಗೆ ರಜೆಯಲ್ಲಿದ್ದ ಮೊಮ್ಮಗಳು, ಮತ್ತು ನಾನು. ಮಗ ಸೊಸೆಗೆ ಫ್ಯಾಕ್ಟರಿಯಲ್ಲಿ ರಜೆ ಸಿಕ್ಕಿರಲಿಲ್ಲ. ಅಕ್ಕ ಕ್ಯಾಲೆಂಡರನ್ನೊಮ್ಮೆ ನೋಡಿ ನನ್ನನ್ನೊಮ್ಮೆ ನೋಡಿದಳು.

"ನಾವು ಮೂರು ಜನ ಪುಕ್ಕಟೆ. ಖರ್ಚು ಅಂದ್ರೆ ನೀನೊಬ್ನೇ ಕಣ್ಲಾ."

ನನ್ನನ್ನು ಕರೆದುಕೊಂಡು ಹೋಗಬೇಕೇ ಬೇಡವೇ ಅಂತ ನನ್ನ ಮುಂದೆಯೇ ಚರ್ಚೆಯಾಯಿತು. ನನ್ನ ಕೈಹಿಡಿದವಳು ಮನೆ ಕಾಯಲು ಒಬ್ಬರು ಬೇಕಲ್ಲ ಅತ್ತಿಗೆ ಅಂದಳು! ಕೊನೆಗೆ ಮೂಟೆ ಹೊರಲು ಆಗುತ್ತಾನೆ ಎಂಬ ಒಂದೇ ಕಾರಣಕ್ಕೆ ನಾನು ಪಾಸಾದೆ. ಹೊರಡುವ ದಿನ ಬಾಗಿಲಲ್ಲಿ ಅಕ್ಕ ವಾಡಿಕೆಯಂತೆ ನನ್ನ ಜೇಬು ತಟ್ಟಿ ನೋಡಿದಳು. ಪ್ರವಾಸದಲ್ಲಿ ಗಂಡಸರ ಜೇಬಿನಲ್ಲಿ ಕಾಸಿರಬಾರದು, ಇದ್ದರೆ ಪ್ರತಿ ಟೀ ಅಂಗಡಿಯೂ ಕಣ್ಣಿಗೆ ಬೀಳುತ್ತದೆ ಎಂಬುದು ಅವಳ ಇನ್ನೊಂದು ಕಾನೂನು. ದುಡ್ಡೆಲ್ಲ ಅವಳ ಸೆರಗಿನ ಗಂಟಿನಲ್ಲಿ. ಈ ಗಂಟನ್ನು ನೆನಪಿಟ್ಟುಕೊಳ್ಳಿ.

ಇಲ್ಲಿಂದ ಮುಂದೆ ಬರುವುದು ನನ್ನ ತಪ್ಪೊಪ್ಪಿಗೆ. ನಗುತ್ತಲೇ ಬರೆಯುತ್ತೇನೆ, ಆದರೆ ತಪ್ಪು ತಪ್ಪೇ.

ಕೃಷ್ಣಗಿರಿಯಲ್ಲಿ ಮೂರನೇ ಬಸ್ಸು ಹತ್ತಿದೆವು. ಹೆಂಗಸರು ಮುಂದೆ, ನಾನು ಹಿಂದೆ. ನನ್ನ ಪಕ್ಕದ ಸೀಟಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಒಬ್ಬರು. ನೋಡಿದರೆ ನಮ್ಮ ಫ್ಯಾಕ್ಟರಿಯಲ್ಲಿ ನನ್ನ ಮೇಲಧಿಕಾರಿಯಾಗಿದ್ದವರು! ನನಗೆ ಬೆವರು ಬಂತು. ಏಕೆಂದರೆ ನಿವೃತ್ತಿಯಾದಾಗಿನಿಂದ ಮಾರ್ಕೆಟ್ಟಿನಲ್ಲಿ ಸಿಕ್ಕಾಗಲೆಲ್ಲ ಅವರ ಮುಂದೆ ನಾನು ಒಂದೊಂದು ಪ್ರವಾಸದ ಬುರುಡೆ ಬಿಟ್ಟಿದ್ದೆ. ಸಂಸಾರ ಸಮೇತ ಊಟಿ, ಸಂಸಾರ ಸಮೇತ ಕೊಡೈಕೆನಾಲ್, ಎಲ್ಲ ಬಾಡಿಗೆ ಕಾರಿನಲ್ಲಿ. ಆ ಊರುಗಳನ್ನು ನಾನು ನೋಡಿದ್ದು ಮಿಠಾಯಿ ಅಂಗಡಿಯ ಕ್ಯಾಲೆಂಡರಿನಲ್ಲಿ.

ಅವರು ತಮ್ಮ ಕಾರು ಸರ್ವೀಸಿಗೆ ಹೋಗಿದೆ ಅಂದರು. ನಾನು ಮಗನ ಕಾರೂ ಸರ್ವೀಸಿಗೆ ಹೋಗಿದೆ, ಒಬ್ಬನೇ ಒಂದು ಮದುವೆಗೆ ಹೊರಟಿದ್ದೇನೆ ಅಂದೆ. ಇಲ್ಲದ ಕಾರುಗಳೆಲ್ಲ ಅವತ್ತೇ ಸರ್ವೀಸಿಗೆ ಹೋಗಿದ್ದವೋ ಏನೋ!

ಅಷ್ಟರಲ್ಲಿ ಮುಂದಿನಿಂದ ಬಂತು ಅಕ್ಕನ ದನಿ. ಅವಳು ಸೀಟು ಬಿಟ್ಟು ಮೂಟೆಯ ಮೇಲೆಯೇ ಕುಳಿತು ಚಕ್ಕುಲಿ ಡಬ್ಬ ತೆರೆದಿದ್ದಳು. ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು:

"ಲೇ, ಚಕ್ಕುಲಿ ತಿಂತೀಯೇನ್ಲಾ? ಎಡಗಡೆ ಅಗಿ ಮತ್ತೆ, ಬಲಗಡೆ ಹಲ್ಲು ಅಲ್ಲಾಡ್ತಾ ಐತೆ!"

ಅಧಿಕಾರಿಗಳು ಅವಳನ್ನು ನೋಡಿದರು, ನನ್ನನ್ನು ನೋಡಿದರು. "ನಿಮ್ಮನ್ನೇ ಕರೀತಿರೋ ಹಾಗಿದೆ. ಗುರುತಿನವರಾ?"

"ಇಲ್ಲ ಸಾರ್. ಯಾರೋ ಏನೋ. ಹಳ್ಳಿ ಕಡೆಯವರು ಅಂತ ಕಾಣುತ್ತೆ."

ನಾನು ಮೆಲ್ಲಗೆ ಹೇಳಿದೆ ಅಂದುಕೊಂಡಿದ್ದೆ. ಆದರೆ ಮೂವತ್ತು ವರ್ಷ ಮೆಷಿನ್ನಿನ ಸದ್ದಿನ ನಡುವೆ ಮಾತಾಡಿದವನಿಗೆ ಮೆಲ್ಲಗೆ ಅನ್ನುವುದು ಎಲ್ಲಿ ಬರುತ್ತದೆ? ಹೆಂಡತಿ ತಿರುಗಿ ನೋಡಿದಳು. ಮೊಮ್ಮಗಳು ತಾತಾ ಅನ್ನಲು ಬಾಯಿ ತೆರೆದಳು. ಅಕ್ಕ ಆ ಬಾಯಿಗೆ ಒಂದು ಚಕ್ಕುಲಿ ಇಟ್ಟು, ಡಬ್ಬ ಮುಚ್ಚಿದಳು.

ಆಗ ಕಂಡಕ್ಟರು ಬಂದು ನನ್ನ ಮುಂದೆ ಕೈಚಾಚಿದ.

ಜೇಬು ಖಾಲಿ! ಮೇಲಿನ ಜೇಬು ತಡಕಿದೆ, ಪಕ್ಕದ ಜೇಬು ತಡಕಿದೆ, ಇಲ್ಲದ ಜೇಬನ್ನೂ ತಡಕಿದೆ. ನನ್ನ ಟಿಕೆಟ್ಟಿನ ಕಾಸು ನಾನು ಯಾರೋ ಏನೋ ಅಂದವಳ ಸೆರಗಿನಲ್ಲಿತ್ತು. ಬಸ್ಸಿನ ನೆಲ ಬಾಯಿಬಿಟ್ಟು ನನ್ನನ್ನು ರಸ್ತೆಗೆ ಹಾಕಬಾರದೇ ಅನ್ನಿಸಿತು. ಆಗ ಮುಂದಿನಿಂದ ಅಕ್ಕ ಕಂಡಕ್ಟರನನ್ನು ಕರೆದಳು.

"ಅಪ್ಪಾ, ಹಿಂದುಗಡೆ ಕುಂತವ್ರಲ್ಲ, ಆ ಯಜಮಾನ್ರಿಗೆ ಒಂದು ಟಿಕೆಟ್ ಕೊಡಪ್ಪ. ಯಾರೋ ಪುಣ್ಯಾತ್ಮರು, ಹತ್ತುವಾಗ ನನ್ನ ಮೂಟೆ ಎತ್ತಿಕೊಟ್ರು."

ಅಧಿಕಾರಿಗಳಿಗೆ ತುಂಬ ಮೆಚ್ಚುಗೆಯಾಯಿತು. ಹಳ್ಳಿ ಜನ ನೋಡಿ, ಗುರುತಿಲ್ಲದವರಿಗೂ ಟಿಕೆಟ್ ತೆಗೆಸುತ್ತಾರೆ, ಈ ಕಾಲದಲ್ಲಿ ಸ್ವಂತದವರೂ ಹೀಗೆ ಮಾಡುವುದಿಲ್ಲ ಅಂದರು. ಹೌದು ಸಾರ್, ಅಂದೆ.

ಅವರು ಕಾವೇರಿಪಟ್ಟಣದಲ್ಲಿ ಇಳಿದುಹೋದರು. ನಾನು ಓಡಿಹೋಗಿ ಅಕ್ಕನ ಮೂಟೆಗೆ ಕೈಹಾಕಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ದಿದ್ದರೆ ಎಷ್ಟು ಚೆನ್ನಾಗಿತ್ತು! "ಬುಡಿ ಯಜಮಾನ್ರೇ, ನಿಮಗ್ಯಾಕೆ ತೊಂದ್ರೆ" ಅಂದಳು.

ಅಲ್ಲಿಂದ ಶುರುವಾಯಿತು. ಲಾ ಹೋಯಿತು, ಲೇ ಹೋಯಿತು. ಧರ್ಮಪುರಿಯಲ್ಲಿ ಪುಳಿಯೋಗರೆ ಬಡಿಸುತ್ತ "ಯಜಮಾನ್ರು ಇನ್ನೊಂಚೂರು ಹಾಕ್ಕೊಳ್ಳಿ" ಅಂದಳು. ಮೊಮ್ಮಗಳಿಗೆ ಇದು ಭಾರಿ ಆಟವಾಗಿ ಅವಳೂ ನನ್ನನ್ನು ಯಜಮಾನ್ರೇ ಅನ್ನತೊಡಗಿದಳು. ಹೊಗೇನಕಲ್ಲಿನಲ್ಲಿ ಎಣ್ಣೆ ಹಚ್ಚಿ ಮೈ ತಿಕ್ಕುವವರಿರುತ್ತಾರೆ. ಅಕ್ಕ ಮನೆಯಿಂದ ತಂದಿದ್ದ ಎಣ್ಣೆಯನ್ನು ಕೊಟ್ಟು, ಅರ್ಧ ಕೂಲಿಗೆ ಒಪ್ಪಿಸಿ, ನನ್ನನ್ನು ಅಲ್ಲಿ ಕೂರಿಸಿದಳು. ಯಜಮಾನರಿಗೆ ತಲೆ ಸ್ವಲ್ಪ ಬಿಸಿಯಾಗಿದೆ, ಗಟ್ಟಿಯಾಗಿ ತಟ್ಟಪ್ಪ ಅಂತ ಅವನಿಗೆ ತಮಿಳಿನಲ್ಲಿ ಹೇಳಿದಳು. ಅವನು ತಟ್ಟಿದ. ಕೈ ಅವನದು, ಏಟು ಯಾರದ್ದೆಂದು ನನಗೆ ಗೊತ್ತಿತ್ತು!

ಎದುರಿಗೆ ಕಾವೇರಿ ಬಂಡೆಗಳಿಂದ ಧುಮುಕುತ್ತಿತ್ತು. ಹೆಂಡತಿ, ಮೊಮ್ಮಗಳು, ಅಕ್ಕ ಮೂವರೂ ನೀರಿನ ಹನಿಗೆ ಮುಖವೊಡ್ಡಿ ಕೇಕೆ ಹಾಕುತ್ತಿದ್ದರು. ನಾನು ಎಣ್ಣೆ ಸುರಿಯುವ ತಲೆ ಹೊತ್ತು ಒಂದು ಲೆಕ್ಕ ಹಾಕಿದೆ. ಅಪ್ಪ ಅಮ್ಮ ಇಲ್ಲ, ಮಾವಂದಿರಿಲ್ಲ, ಜೊತೆಗೆ ಗೋಲಿ ಆಡಿದವರಿಲ್ಲ. ಅರವತ್ತೆಂಟು ವಯಸ್ಸಿನ ನನ್ನನ್ನು ಲಾ ಅಂತ ಕರೆಯುವವರು ಈ ಭೂಮಿಯ ಮೇಲೆ ಇವಳೊಬ್ಬಳೇ. ಇವಳೂ ನಿಲ್ಲಿಸಿಬಿಟ್ಟರೆ ನಾನು ಸಾಯುವವರೆಗೂ ಯಜಮಾನನೇ.

ಅವತ್ತು ರಾತ್ರಿ ಪೆನ್ನಾಗರಂಗೆ ವಾಪಸ್ಸು ಬಂದು ಅಕ್ಕನ ಗುಲಾಬಿ ಶೆಡ್ಡಿನ ಹಳೇ ಗೆಳತಿಯ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ನಲ್ಲಿಯ ಹತ್ತಿರ ಅಕ್ಕ ಒಬ್ಬಳೇ ಸಿಕ್ಕಾಗ ತಪ್ಪಾಯಿತು ಅಂದೆ. ಯಾವ ತಪ್ಪು ಯಜಮಾನರೇ, ನೀವು ಯಾರೋ ನಾನು ಯಾರೋ ಅಂದು ಬಿಂದಿಗೆ ಎತ್ತಿಕೊಂಡು ಹೋದಳು. ಅಷ್ಟರಲ್ಲಿ ನನ್ನ ಹಿಂದೆ ಬಂದು ನಿಂತಿದ್ದ ಹೆಂಡತಿ ಹೇಳಿದಳು: "ಬಸ್ಸಲ್ಲಿ ಆಡಿದ ಮಾತ್ನ ನಲ್ಲಿ ಹತ್ರ ವಾಪಸ್ ತಗೊಂಡ್ರೆ ಆಯ್ತದಾ? ಬಸ್ಸಲ್ಲೇ ತಗೋಬೇಕು."

ಪೆನ್ನಾಗರಂನಿಂದ ಹೊರಟ ಬೆಳಗಿನ ಬಸ್ಸು ಸಂತೆಯ ಜನದಿಂದ ತುಂಬಿ ತುಳುಕುತ್ತಿತ್ತು. ಅಕ್ಕ ಡ್ರೈವರನ ಹತ್ತಿರ, ನಾನು ಹಿಂಬಾಗಿಲಿನ ಹತ್ತಿರ. ನಡುವೆ ಬುಟ್ಟಿಗಳು, ಕೋಳಿಗಳು, ಅರವತ್ತು ಜನ. ಕಂಡಕ್ಟರು ಟಿಕೆಟ್ ಕೇಳಿದ. ನಾನು ಕಂಬಿ ಹಿಡಿದು ಹಿಮ್ಮಡಿ ಎತ್ತಿ, ಮೆಷಿನ್ ಶಾಪಿನ ದನಿಯಲ್ಲಿ ಹೇಳಿದೆ:

"ನನ್ನ ಹತ್ರ ಒಂದು ಕಾಸೂ ಇಲ್ಲ. ಅಗೋ, ಮುಂದೆ ಮೂಟೆ ಮೇಲೆ ಕುಂತವ್ಳಲ್ಲ, ಅವಳು ನಮ್ಮಕ್ಕ. ನನ್ನ ದುಡ್ಡು, ನನ್ನ ಬುದ್ಧಿ ಎಲ್ಲಾ ಅವಳ ಸೆರಗಲ್ಲೇ ಐತೆ. ನಿನ್ನೆ ಬಸ್ಸಲ್ಲಿ ಅವಳು ಯಾರೋ ಗೊತ್ತಿಲ್ಲ ಅಂದ್ಬುಟ್ಟೆ. ಸುಳ್ಳು ಹೇಳ್ದೆ."

ಯಾರಿಗೆ ಯಾವ ಭಾಷೆ ಬರುತ್ತದೋ ಅಂತ ಇದನ್ನೇ ತಮಿಳಿನಲ್ಲೂ ಹೇಳಿದೆ, ತೆಲುಗಿನಲ್ಲೂ ಹೇಳಿದೆ. ಕೋಳಿಗಳೂ ಸುಮ್ಮನಾದವು. ಎಲ್ಲರೂ ಮುಂದಕ್ಕೆ ನೋಡಿದರು. ಅಕ್ಕ ತಿರುಗಲಿಲ್ಲ. ಡ್ರೈವರನ ಕಡೆ ಮುಖ ಮಾಡಿಕೊಂಡೇ ಕೂಗಿದಳು:

"ಯಾವನ್ಲಾ ಅವ್ನು, ಬೆಳಿಗ್ಗೆ ಬೆಳಿಗ್ಗೇನೇ ಹಂಗ್ ಕಿರುಚ್ಕೊಳ್ಳೋನು?"

ಇಡೀ ಬಸ್ಸು ನಕ್ಕಿತು. ನನಗೆ ಕೇಳಿಸಿದ್ದು ಅದರಲ್ಲಿದ್ದ ಲಾ ಒಂದೇ.

ನಮ್ಮ ಕಡೆ ಬಸ್ಸು ತುಂಬಿದ್ದರೆ ಟಿಕೆಟ್ಟಿನ ಕಾಸನ್ನು ಒಬ್ಬರ ಕೈಯಿಂದ ಒಬ್ಬರು ದಾಟಿಸುತ್ತಾರೆ. ಅಕ್ಕನ ಗಂಟಿನಿಂದ ಹೊರಟ ನೋಟು ಹೂವಿನವಳ ಕೈಗೆ, ಅಲ್ಲಿಂದ ಒಬ್ಬ ಟೀಚರಮ್ಮನ ಕೈಗೆ, ಹೀಗೆ ದಾಟುತ್ತ ಕಂಡಕ್ಟರನನ್ನು ಮುಟ್ಟಿತು. ಅದರ ಹಿಂದೆಯೇ ಇನ್ನೊಂದು ವಸ್ತು ಹೊರಟಿತ್ತು. ಕಾಗದದಲ್ಲಿ ಸುತ್ತಿದ ಒಂದು ಚಕ್ಕುಲಿ. ಎಷ್ಟು ಕೈ ದಾಟಿತೋ, ಒಬ್ಬರೂ ಒಂದು ಚೂರೂ ಮುರಿಯಲಿಲ್ಲ. ಜೊತೆಗೆ ಒಂದು ಮಾತೂ ಕಿವಿಯಿಂದ ಕಿವಿಗೆ ದಾಟಿ ಬರುತ್ತಿತ್ತು.

ಕೊನೆಗೆ ನನ್ನ ಪಕ್ಕದಲ್ಲಿದ್ದ ಕೋಳಿಬುಟ್ಟಿಯವನು ಚಕ್ಕುಲಿಯನ್ನು ನನ್ನ ಕೈಗಿಟ್ಟು, ತನಗೆ ಒಪ್ಪಿಸಿದ ಮಾತನ್ನು ಹಾಗೆಯೇ ನನಗೆ ಒಪ್ಪಿಸಿದ:

"ಎಡಗಡೆ ಅಗೀಬೇಕಂತೆ ತಾತ. ನಿಮ್ಮಕ್ಕ ಹೇಳವ್ರೆ."

ಎಡಗಡೆಯೇ ಅಗಿದೆ.